ಅರ್ಥಕ್ಕೊಂದು ಬಾಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಗಿಲು ಮುಚ್ಚಿದ ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ಕಾಲು ಚಾಚಿ ಕೂತಿದ್ದಾರೆ. ನಡುವೆ ದಿನಪತ್ರಿಕೆಯ ಕಟ್ಟು, ಪಕ್ಕದಲ್ಲಿ ಪುರವಣಿಯ ಕಟ್ಟು. ಒಂದನ್ನು ಬಿಡಿಸಿ, ಇನ್ನೊಂದನ್ನು ಅದರ ಹೊಟ್ಟೆಗೆ ತುರುಕಿ, ಮಡಚಿ ಪಕ್ಕಕ್ಕೆ ಹಾಕುವ ಕೆಲಸ. ಕೈ ತನ್ನಷ್ಟಕ್ಕೆ ತಾನು ನಡೆಯುತ್ತಿದೆ, ಬಾಯಿ ತನ್ನಷ್ಟಕ್ಕೆ ತಾನು.

"ಕೆಲಸ ಮಾಡ್ತಾರೆ, ಆದ್ರೆ ಮನಸ್ಸಿಲ್ಲ. ಕಾಲು ಮುಂದೆ ಹೋಗುತ್ತೆ, ಮನಸ್ಸು ಹಿಂದಕ್ಕೆ ಎಳೆಯುತ್ತೆ," ಎನ್ನುತ್ತಾರೆ ಕನ್ನಡಕ ಹಾಕಿಕೊಂಡವರು.

"ನಮ್ಮ ಮನೆಯವ್ರು ಸ್ನಾನಕ್ಕೆ ಹೋಗೋ ಹಾಗೆ," ಎಂದು ಇನ್ನೊಬ್ಬರು ತಲೆಯೆತ್ತದೆ ಉತ್ತರ ಕೊಡುತ್ತಾರೆ.

ಅಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿರುವ ಆ ಮನೆಯವರು ಒಮ್ಮೆ ಕೆಮ್ಮುತ್ತಾರೆ. ಅದು ಆಕ್ಷೇಪವೂ ಇರಬಹುದು, ಬರೀ ಕೆಮ್ಮೂ ಇರಬಹುದು. ಕನ್ನಡಕದವರು ನಗುತ್ತಾ ಕೈಚೀಲದಿಂದ ಪೆನ್ಸಿಲ್ ತೆಗೆದು ಒಂದು ಚೀಟಿಗೆ ಗುರುತು ಹಾಕುತ್ತಾರೆ. ‘ರಿಲಕ್ಟೆಂಟ್’ ಎಂಬ ಇಂಗ್ಲಿಷ್ ಪದದ ಅರ್ಥ ಪಾಸಾಯಿತು. ನಾಡಿದ್ದು ಅಚ್ಚಿಗೆ ಹೋಗುತ್ತದೆ.

ಊರಿನ ದಿನಪತ್ರಿಕೆಯ ಕೊನೆಯ ಪುಟದಲ್ಲಿ, ಹವಾಮಾನ ವರದಿಯ ಮಗ್ಗುಲಲ್ಲಿ, ‘ಒಂಬತ್ತರ ಚೌಕ’ ಎಂಬ ಇಂಗ್ಲಿಷ್ ಪದದಾಟ ಬರುತ್ತದೆ. ಮೂರು ಸಾಲು, ಸಾಲಿಗೆ ಮೂರು ಅಕ್ಷರ. ಅವುಗಳಿಂದ ಆದಷ್ಟು ಪದ ಕಟ್ಟಬೇಕು. ನಡುವಿನ ಅಕ್ಷರ ಎಲ್ಲದರಲ್ಲೂ ಇರಬೇಕು. ಒಂಬತ್ತನ್ನೂ ಬಳಸುವ ಒಂದು ದೊಡ್ಡ ಪದ ಎಲ್ಲೋ ಅಡಗಿ ಕೂತಿರುತ್ತದೆ. ಮರುದಿನ ಉತ್ತರ. ಏಳು ಅಕ್ಷರವೋ ಅದಕ್ಕೂ ಹೆಚ್ಚೋ ಇರುವ ಪದಗಳಿಗೆ ಎದುರಿಗೇ ಕನ್ನಡದಲ್ಲಿ ಅರ್ಥ. ಆಟ ಆಡುವವರು ತರಹೇವಾರಿ. ಡಿಪೊದಲ್ಲಿ ಬಸ್ಸಿಗೆ ಕಾಯುವ ಚಾಲಕರು, ಹೊಲಿಗೆ ಯಂತ್ರದ ಮೇಲೆ ಪೇಪರ್ ಹರಡಿಕೊಳ್ಳುವ ದರ್ಜಿ, ಇಂಗ್ಲಿಷ್ ಕಲಿಯಲೇಬೇಕೆಂದು ಹಟಕ್ಕೆ ಬಿದ್ದವರು, ಕಲಿತಾಗಿದೆ ಎಂದುಕೊಂಡು ನೆಮ್ಮದಿಯಾಗಿರುವವರು. ಅಕ್ಷರ ಜೋಡಿಸುವಾಗ ಪದ ತಾನಾಗಿ ಸಿಕ್ಕಿಬಿಡುತ್ತದೆ. ಸಿಕ್ಕಿದ್ದು ಏನು ಎಂದು ತಿಳಿಯಲು ಮರುದಿನದವರೆಗೆ ಕಾಯಬೇಕು.

ಆ ಅರ್ಥ ಬರೆಯುವವರು ಈ ಕನ್ನಡಕದವರು. ಪುಟದಲ್ಲೆಲ್ಲೂ ಅವರ ಹೆಸರಿಲ್ಲ. ಕಚೇರಿಯಲ್ಲಿ ‘ಅರ್ಥದ ಮೇಡಂ’. ಮೆಟ್ಟಿಲ ಮೇಲಿನ ಜೊತೆಗಾತಿ ಅದನ್ನು ಮೊಟಕು ಮಾಡಿ ‘ಅರ್ಥಮ್ಮ’ ಎಂದು ಕರೆಯುತ್ತಾರೆ. ಆ ಜೊತೆಗಾತಿಯನ್ನು ಬೀದಿಯೇ ‘ಪೇಪರಕ್ಕ’ ಎನ್ನುತ್ತದೆ. ಈ ಮೂಲೆಯಲ್ಲಿ ಇಪ್ಪತ್ತು ವರ್ಷದಿಂದ ಪತ್ರಿಕೆ ಮಾರುತ್ತಿರುವವರು, ಒಂಬತ್ತರ ಚೌಕದ ಹಳೆಯ ಆಟಗಾರ್ತಿ.

ಬೆಳಗಿನ ಈ ಪರೀಕ್ಷೆಗೆ ನಿಯಮವಿದೆ. ಅರ್ಥಮ್ಮ ಇಂಗ್ಲಿಷ್ ಪದವನ್ನು ಬಾಯಿ ಬಿಡುವಂತಿಲ್ಲ, ಅರ್ಥವನ್ನು ಮಾತ್ರ ಹೇಳಬೇಕು. ಪೇಪರಕ್ಕ ತನ್ನ ಬದುಕಿನಿಂದ ಒಂದು ಉದಾಹರಣೆ ಕೊಡಬೇಕು. ಉದಾಹರಣೆ ಸರಿಬಂದರೆ ಅರ್ಥವೂ ಸರಿ. ಅಡ್ಡದಾರಿ ಹಿಡಿದರೆ ತಪ್ಪು ಕೇಳಿದವರದಲ್ಲ, ಬರೆದವರದು. ‘ಹಿಪೊಕ್ರಿಟ್’ ಪದಕ್ಕೆ ಅರ್ಥಮ್ಮ ಮೊದಲು ‘ಒಳಗೊಂದು ಹೊರಗೊಂದು ಇರುವವರು’ ಎಂದು ಬರೆದಿದ್ದರಂತೆ. "ಹಾಗಾದ್ರೆ ಅದು ನಾನೇ ಬಿಡು. ಹೊಟ್ಟೆಯೊಳಗೆ ಸಂಕಟ ಇದ್ರೂ ನಗ್ತಾ ಪೇಪರ್ ಕೊಡ್ತೀನಲ್ಲ," ಎಂದರು ಪೇಪರಕ್ಕ. ಚೀಟಿ ವಾಪಸ್ ಚೀಲಕ್ಕೆ ಹೋಯಿತು. ಮರುದಿನ ‘ತಾನು ನಡೆಯದ ದಾರಿಯನ್ನು ಊರಿಗೆಲ್ಲ ತೋರಿಸುವವರು’ ಎಂದಾಗಿ ಬಂತು. ಈ ಸಲ ಪೇಪರಕ್ಕ ಬೀದಿಯ ಒಬ್ಬರ ಹೆಸರು ಹೇಳಿದರು. ಪಾಸು.

ಇಷ್ಟು ಹಗುರಾಗಿ ನಡೆಯುವ ಪರೀಕ್ಷೆಯಲ್ಲಿ ಈ ವಾರ ಒಂದು ಚೀಟಿ ಮಾತ್ರ ಚೀಲದಿಂದ ಹೊರಗೆ ಬಂದೇ ಇಲ್ಲ. ದಿನಾ ಬೆಳಗ್ಗೆ ಅರ್ಥಮ್ಮ ಅದನ್ನು ಮುಟ್ಟಿ ನೋಡಿ, ಮತ್ತೆ ಅಡಿಗೆ ಸೇರಿಸುತ್ತಾರೆ. ಅದರಲ್ಲಿರುವ ಪದ ‘ರೆಮಿಷನ್’. ಒಮ್ಮೆ ಅದರ ಅರ್ಥ ಬರೆದು ಕೈ ಸುಟ್ಟುಕೊಂಡವರು ಅವರು. ಸುಟ್ಟಿದ್ದು ತನ್ನ ಕೈ ಮಾತ್ರ ಆಗಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ.

ಇಂಗ್ಲಿಷಿನ ನಂಟು ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದರು. ಮೇಲೆ ಕೆಳಗೆ ಓಡಾಡುವ ಸಾಹೇಬರ ಮಾತಿನಿಂದ ಒಂದೊಂದು ಪದ ಹಿಡಿದು ಸಂಜೆ ಮನೆಗೆ ತರುತ್ತಿದ್ದರು. ಅರ್ಥವನ್ನು ಮಾತ್ರ ಲಿಫ್ಟಿನಲ್ಲೇ ಬಿಟ್ಟು ಬರುತ್ತಿದ್ದರು. "ಚಹಾ ಇವತ್ತು ಬಹಳ ಕಾನ್ಫಿಡೆನ್ಷಿಯಲ್ ಆಗಿದೆ ಅಂತ ಅಮ್ಮನ್ನ ಹೊಗಳೋರು. ಅಮ್ಮನಿಗೂ ಖುಷಿ ಆಗೋದು. ನಾನೂ ತಂಗೀನೂ ಆಮೇಲೆ ಶಾಲೆಯ ನಿಘಂಟು ತೆಗೆದು ನೋಡಿ ಬಿದ್ದು ಬಿದ್ದು ನಗ್ತಿದ್ವಿ," ಎಂದು ಈಗಲೂ ನಗುತ್ತಾರೆ ಅರ್ಥಮ್ಮ. ಅಪ್ಪನಿಗೆ ಹೇಳಿದ್ರಾ ಎಂದರೆ ತಲೆಯಾಡಿಸುತ್ತಾರೆ. "ಹೇಳೋದಾ? ಅಷ್ಟು ದೂರದಿಂದ ಜೋಪಾನವಾಗಿ ತಂದಿದ್ದಾರೆ ಪಾಪ."

ಅಪ್ಪನ ಮೊಣಕಾಲು ಸೋತಾಗ ಓದು ನಿಂತಿತು. ಟೈಪಿಂಗ್ ಕಲಿತರು. ಶಾಲಾ ಮಕ್ಕಳ ಗೈಡು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದಿದರು. ಕಿಟಕಿಯಿಲ್ಲದ ಕೋಣೆ, ಒಂದೇ ದೀಪ, ತಿದ್ದಿ ತಿದ್ದಿ ಕಣ್ಣಿಗೆ ದಪ್ಪ ಗಾಜು ಬಂತು. ಪ್ರೆಸ್ಸು ಬಾಗಿಲು ಹಾಕಿದ ಮೇಲೆ ಪತ್ರಿಕೆಯವರು ಕರೆದು ಕೊನೆಯ ಪುಟದ ಈ ಮೂಲೆ ಕೊಟ್ಟರು. ಈಗ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ತಂಗಿಯ ಜೊತೆ ವಾಸ. ತಂಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾರೆ. "ಅಕ್ಕ ಕಣ್ಣು ಹಾಳು ಮಾಡ್ಕೊಳ್ತಾಳೆ, ನಾನು ರಿಪೇರಿ ಮಾಡ್ತೀನಿ. ಮನೆಯ ಕಸುಬು ಮನೆಯಲ್ಲೇ ಉಳಿದಿದೆ," ಎಂಬುದು ತಂಗಿಯ ತಮಾಷೆ. ದಿನಕ್ಕೆ ಎಂಟೋ ಹತ್ತೋ ಅರ್ಥ. ಕೇಳಿದವರಿಗೆ ಅಷ್ಟೇನಾ ಅನ್ನಿಸುತ್ತದೆ. ಒಂದೊಂದು ದಿನ ಒಂದೇ ಪದ ಇಡೀ ಮಧ್ಯಾಹ್ನವನ್ನು ನುಂಗಿ ನೀರು ಕುಡಿಯುತ್ತದೆ.

ಆರು ವರ್ಷದ ಹಿಂದಿನವರೆಗೆ ಮೆಟ್ಟಿಲ ಮೇಲಿನ ಈ ಪರೀಕ್ಷೆ ಇರಲಿಲ್ಲ. ಅರ್ಥಕ್ಕೆ ಹೆಚ್ಚೆಂದರೆ ಒಂದು ಸಾಲು ಜಾಗ, ಆ ಸಾಲಿಗೆ ಹೊಂದುವಂತೆ ಬರೆದರೆ ಮುಗಿಯಿತು. ಒಂದು ದಿನ ಚೌಕದ ದೊಡ್ಡ ಪದ ‘ರೆಮಿಷನ್’. ಅದರ ಹೊಟ್ಟೆಯೊಳಗೆ ‘ಮಿಷನ್’, ‘ಎಮಿಷನ್’ ಬೇರೆ. ಅವಕ್ಕೇ ಜಾಗ ಹೆಚ್ಚು ಹೋಯಿತು. ಉಳಿದ ಕಾಲು ಸಾಲಿನಲ್ಲಿ ಅರ್ಥಮ್ಮ ‘ರೋಗ ವಾಸಿಯಾಗುವುದು’ ಎಂದು ಬರೆದು ಊಟಕ್ಕೆ ಎದ್ದರು. ಅರ್ಥ ಬರೆಯುವವರು ಮಾತ್ರ ಮಾಡಬಲ್ಲ ತಪ್ಪು ಅದು. ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಜಾಗ ಸಾಲದೆ ಹೊರಗೆ ಬಿತ್ತು.

ಅದಾಗಿ ಕೆಲವು ತಿಂಗಳಿಗೆ ಪೇಪರಕ್ಕನ ಗಂಡನಿಗೆ ದೊಡ್ಡ ಕಾಯಿಲೆಯೆಂದು ಗೊತ್ತಾಯಿತು. ಆಗ ಅವರು ಸೈಕಲ್ಲಿನಲ್ಲಿ ಮನೆಮನೆಗೆ ಪತ್ರಿಕೆ ಹಾಕುತ್ತಿದ್ದವರು. ಚಿಕಿತ್ಸೆ ನಡೆಯಿತು, ಕೂದಲು ಹೋಯಿತು, ಬಂತು. ಕೊನೆಗೊಂದು ದಿನ ಡಾಕ್ಟರು ನಗುಮುಖದಿಂದ ರೆಮಿಷನ್ನಿನಲ್ಲಿದೆ ಎಂದರು. ಈ ಪದ ನಾನು ಕಂಡಿದ್ದೀನಲ್ಲ ಎಂದು ಪೇಪರಕ್ಕನಿಗೆ ತಟ್ಟನೆ ಹೊಳೆಯಿತು. ಮನೆಗೆ ಬಂದು ಮಂಚದ ಕೆಳಗಿನ ಹಳೇ ಪೇಪರಿನ ಕಟ್ಟುಗಳನ್ನೆಲ್ಲ ಬಿಚ್ಚಿ ಹುಡುಕಿದರು. ಸಿಕ್ಕಿತು. ರೋಗ ವಾಸಿಯಾಗುವುದು. ಅಂದು ಮನೆಯಲ್ಲಿ ಎಲ್ಲರೂ ಅತ್ತರಂತೆ, ಸಂತೋಷಕ್ಕೆ.

"ಡಾಕ್ಟರು ತಪ್ಪು ಮಾಡ್ಲಿಲ್ಲ. ಮೂರು ತಿಂಗಳಿಗೊಂದ್ಸಲ ಬಂದು ತೋರಿಸಿ ಅಂತ ಬರೆದೂ ಕೊಟ್ಟಿದ್ರು," ಎನ್ನುತ್ತಾರೆ ಪೇಪರಕ್ಕ. "ಆದ್ರೆ ವಾಸಿ ಆದ್ಮೇಲೆ ಆಸ್ಪತ್ರೆಗೆ ಯಾಕೆ ಹೋಗ್ತಾರೆ, ನೀವೇ ಹೇಳಿ. ಪೇಪರಲ್ಲೇ ಅಚ್ಚಾಗಿದೆಯಲ್ಲ. ನಾನೇ ಮಾರೋ ಪೇಪರು."

ಅವರು ಹೋಗಲಿಲ್ಲ. ಕಾಯಿಲೆ ಮರಳಿ ಬಂದದ್ದು ತಿಳಿಯುವಾಗ ತುಂಬ ತಡವಾಗಿತ್ತು. ಎರಡನೇ ಸಲದ ಚಿಕಿತ್ಸೆ ಮೊದಲಿನದಕ್ಕಿಂತ ಕಠಿಣವಾಯಿತು. ಸೈಕಲ್ ತುಳಿಯುವ ಕಾಲು ಅವರಿಗೆ ಮತ್ತೆ ಬರಲಿಲ್ಲ.

ಒಂದು ಮಧ್ಯಾಹ್ನ ಪೇಪರಕ್ಕ ಪತ್ರಿಕೆಯ ಕಚೇರಿಗೆ ಬಂದರು. ಬಾಗಿಲಲ್ಲಿ ತಡೆದವರಿಗೆ, ಅರ್ಥ ಬರೆಯೋರನ್ನ ಕೆಳಗೆ ಕಳಿಸಿ ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕೂತರು. ಬೈಗುಳಗಳನ್ನು ದಾರಿಯುದ್ದಕ್ಕೂ ಸಾಲಾಗಿ ಜೋಡಿಸಿಕೊಂಡು ಬಂದಿದ್ದರಂತೆ. ಇಳಿದು ಬಂದದ್ದು ದಪ್ಪ ಕನ್ನಡಕದ, ಕೈಯಲ್ಲಿ ಇನ್ನೂ ಊಟದ ಡಬ್ಬಿ ಹಿಡಿದ ಒಬ್ಬ ಹೆಂಗಸು. ಹಳೇ ಪೇಪರಿನ ಆ ಪುಟ ಚಾಚಿ ಇದನ್ನ ಬರೆದೋರು ಯಾರು ಎಂದು ಕೇಳಿದಾಗ ಆಕೆ ಓದಿ, "ನಾನೇ" ಎಂದರು.

"ಜೋಡಿಸಿಟ್ಟ ಬೈಗುಳ ಒಂದೂ ಬಾಯಿಗೆ ಬರ್ಲಿಲ್ಲ. ಇಷ್ಟೇ ಬರೆದು ಬಿಟ್ರೆ ಹೇಗಮ್ಮ ಅಂತ ಕೇಳ್ದೆ ಅಷ್ಟೇ," ಎನ್ನುತ್ತಾರೆ ಪೇಪರಕ್ಕ.

ಅರ್ಥಮ್ಮ ಪಟ್ಟು ಹಿಡಿದು ತಿದ್ದುಪಡಿ ಹಾಕಿಸಿದರು. ಆಟದ ಅರ್ಥಕ್ಕೆಲ್ಲ ಯಾರು ತಿದ್ದುಪಡಿ ಕೇಳ್ತಾರೆ ಎಂದು ಕಚೇರಿಯವರಿಗೆ ಆಶ್ಚರ್ಯ. ಪುಟದ ತಳದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬಂತು. "ಅದನ್ನ ಓದಿದೋರು ನಾವಿಬ್ರೇ ಇರಬೇಕು," ಎಂದು ಪೇಪರಕ್ಕ ಮೂಗು ಮುರಿಯುತ್ತಾರೆ. ಆದರೆ ಅದರ ಮರುದಿನ ನಸುಕಿನಲ್ಲೇ ಅರ್ಥಮ್ಮ ಅಂದಿನ ಚೀಟಿಗಳ ಸಮೇತ ಈ ಮೆಟ್ಟಿಲ ಬಳಿ ಬಂದು ನಿಂತರು. ಇನ್ಮೇಲೆ ನಿಮಗೆ ಹೇಳಿ, ನಿಮಗೆ ತಿಳಿದ್ರೆ ಮಾತ್ರ ಅಚ್ಚಿಗೆ ಕೊಡ್ತೀನಿ ಎಂದರು. ಪೇಪರಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿ, ಪುರವಣಿಯ ಕಟ್ಟೊಂದನ್ನು ಮುಂದಕ್ಕೆ ತಳ್ಳಿದರು. "ಹೇಳೋದಾದ್ರೆ ಹೇಳು. ಕೈ ಮಾತ್ರ ಸುಮ್ನೆ ಇಟ್ಕೋಬೇಡ."

ಅಂದಿನಿಂದ ಅರ್ಥಮ್ಮನ ಪ್ರತಿ ಅರ್ಥಕ್ಕೂ ಒಂದು ಬಾಲ ಬೆಳೆಯಿತು. ಬಾಲ ಎನ್ನುವುದು ಅವರದೇ ಹೆಸರು. ಅರ್ಥದ ಮೊದಲ ಭಾಗ ಆ ಪದ ಏನು ಎಂದು ಹೇಳಿದರೆ, ಬಾಲ ಅದು ಏನಲ್ಲ ಎಂದು ಹೇಳುತ್ತದೆ. ‘ಟೆಂಟೇಟಿವ್: ಸದ್ಯಕ್ಕೆ ಹೀಗೆ ಎಂದುಕೊಂಡದ್ದು, ಮಾತು ಕೊಟ್ಟ ಹಾಗಲ್ಲ.’ ‘ಗ್ರ್ಯಾಟಿಟ್ಯೂಡ್: ಉಪಕಾರ ನೆನೆಯುವ ಮನಸ್ಸು; ಹಂಗಿಗೆ ಬೀಳುವುದಲ್ಲ.’ ‘ನಾಸ್ಟಾಲ್ಜಿಯಾ: ಕಳೆದ ಕಾಲದ ಹಂಬಲ, ಆ ಕಾಲ ಚೆನ್ನಾಗಿತ್ತು ಎಂದೇನೂ ಅಲ್ಲ.’ ಬಾಲಕ್ಕೆಂದು ಪುಟದಲ್ಲಿ ಎರಡನೇ ಸಾಲು ಕೇಳಿ ಪಡೆದರು. ಆಟ ಆಡದವರೂ ಬಾಲ ಓದಲೆಂದೇ ಕೊನೆಯ ಪುಟ ತಿರುಗಿಸುವುದುಂಟು. ಅವರಿಗೆ ಬರೆದವರು ಯಾರೆಂದು ಗೊತ್ತಿಲ್ಲ, ಗೊತ್ತಾಗಬೇಕೆಂಬ ತವಕವೂ ಇಲ್ಲ.

ಈಗ ಆ ಬಾಲಕ್ಕೇ ಕುತ್ತು ಬಂದಿದೆ. ಮುಂದಿನ ತಿಂಗಳಿನಿಂದ ಒಂಬತ್ತರ ಚೌಕ ಫೋನಿನಲ್ಲೂ ಬರಲಿದೆ. ಕಾಗದಕ್ಕೂ ಫೋನಿಗೂ ಒಂದೇ ಅರ್ಥ, ಫೋನಿನ ಪರದೆಯಲ್ಲಿ ಅದಕ್ಕೆ ಇರುವುದು ಪುಟ್ಟ ಡಬ್ಬಿ. ನಾಲ್ಕು ಪದ ಹಿಡಿಸುತ್ತದೆ, ಐದನೆಯದಕ್ಕೆ ಮೂರು ಚುಕ್ಕಿ ಬೀಳುತ್ತದೆ. ಪುರವಣಿಯ ಮುಖ್ಯಸ್ಥರು ಇನ್ನೂ ಎಳೆಯ ವಯಸ್ಸಿನವರು, ಮರ್ಯಾದಸ್ಥರು, ಅರ್ಥಮ್ಮನನ್ನು ಕೂರಿಸಿಯೇ ಮಾತಾಡುವವರು. "ಮೇಡಂ, ನನಗೂ ಬಾಲ ಇಷ್ಟಾನೇ. ಆದ್ರೆ ಜಾಗ ನನ್ನ ಕೈಯಲ್ಲಿಲ್ಲ. ನಾಲ್ಕು ಪದದೊಳಗೆ ಆಗ್ಲಿಲ್ಲ ಅಂದ್ರೆ ಸಿದ್ಧ ಅರ್ಥಗಳ ಕೋಶ ಕೊಂಡಿದ್ದಾರೆ, ಅದನ್ನೇ ಹಾಕ್ತಾರಂತೆ," ಎಂದರು. ಅರ್ಥಮ್ಮ ಆ ಕೋಶವನ್ನು ತೆರೆದು ಮೊದಲು ನೋಡಿದ್ದು ಒಂದೇ ಪದ. ರೆಮಿಷನ್ ಎದುರಿಗೆ ‘ರೋಗೋಪಶಮನ’ ಎಂದಿತ್ತು.

"ತಪ್ಪು ಅನ್ನೋ ಹಾಗಿಲ್ಲ. ಆದ್ರೆ ಇದನ್ನ ಓದಿದ್ರೂ ಪೇಪರಕ್ಕ ಅವತ್ತು ಮಾಡಿದ್ದನ್ನೇ ಮಾಡಿರೋರು," ಎನ್ನುತ್ತಾರೆ.

ಮುಂದಿನ ತಿಂಗಳ ಮೊದಲ ವಾರದ ಪಟ್ಟಿಯಲ್ಲೇ ಆ ಪದ ಮತ್ತೆ ಬಂದಿದೆ. ಚೌಕಗಳನ್ನು ಸಿದ್ಧ ಮಾಡುವುದು ಯಂತ್ರ. ಯಂತ್ರಕ್ಕೆ ಯಾರ ಮನೆಯ ಗೋಳೂ ಗೊತ್ತಿಲ್ಲ. ನಾಲ್ಕು ಪದದಲ್ಲಿ ಬರೆಯಬೇಕು. ಬರೆದದ್ದನ್ನು ಈ ಮೆಟ್ಟಿಲ ಮೇಲೆ ಕೂತು, ಇವರಿಗೇ, ಆ ಕುರ್ಚಿಗೆ ಕೇಳುವಷ್ಟು ಹತ್ತಿರದಲ್ಲಿ ಹೇಳಬೇಕು. ಕುರ್ಚಿಯಲ್ಲಿರುವವರ ಕಾಯಿಲೆಯ ಬಗ್ಗೆ ಡಾಕ್ಟರು ಇತ್ತೀಚೆಗೆ ಮತ್ತೆ ಅದೇ ಪದ ಹೇಳಿದ್ದಾರೆ. ಅರ್ಥಮ್ಮ ಹೆದರಿದ್ದಾರೆ. ಬರೆಯದೇ ಬಿಟ್ಟರೆ ಕೋಶದ ಪದ ಅಚ್ಚಾಗುತ್ತದೆ; ಮತ್ತೆ ಮುಕ್ಕಾಲು ಪಾಲು ಸರಿಯಿರುವುದನ್ನು ಬರೆದರೆ, ಊರಿನಲ್ಲಿ ಇನ್ಯಾರದೋ ಮಂಚದ ಕೆಳಗೆ ಅದು ಹೋಗಿ ಕೂರುತ್ತದೆ.

"ಏನೋ ಒಂದನ್ನ ದಿನಾ ಅಡಿಗೆ ಹಾಕ್ತಿದ್ದೀಯ," ಎಂದು ಪೇಪರಕ್ಕ ಇಂದು ಹಿಡಿದೇ ಬಿಡುತ್ತಾರೆ. "ಚೀಟಿ ಹೊರಗೆ ತೆಗಿ."

ಅರ್ಥಮ್ಮ ಚೀಟಿ ಹೊರತೆಗೆದು ಹೇಳುತ್ತಾರೆ: "ರೋಗ ತಗ್ಗಿರುವ ಅವಧಿ."

ಉದಾಹರಣೆ ಬರುವುದಿಲ್ಲ. ಪದ ಯಾವುದೆಂದು ಪೇಪರಕ್ಕನಿಗೆ ತಿಳಿದುಹೋಗಿದೆ. ಮಡಚುತ್ತಿದ್ದ ಕೈ ನಿಂತಿದೆ. "ಅವಧಿ ಅಂದ್ರೆ ಮುಗಿಯೋ ದಿನ ಅಂತ ಒಂದು ಇರುತ್ತಲ್ಲಮ್ಮ. ಯಾವತ್ತು ಅದು?"

"ಸರಿ. ತಾತ್ಕಾಲಿಕ ಗುಣ."

"ತಾತ್ಕಾಲಿಕ ಅಂದ್ರೆ ಬಂದೇ ಬರುತ್ತೆ ಅಂತ ಆಯ್ತು. ಅವತ್ತು ಹೋಗೇ ಹೋಯ್ತು ಅಂತ ಬರೆದೆ, ಇವತ್ತು ಬಂದೇ ಬರುತ್ತೆ ಅಂತ ಬರೀತೀಯಾ? ಎರಡೂ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರಿ."

"ಗೊತ್ತಿಲ್ಲ ಅಂತ ಅರ್ಥ ಬರೆಯೋಕಾಗುತ್ತಾ ಅಕ್ಕಾ?" ಎನ್ನುತ್ತಾರೆ ಅರ್ಥಮ್ಮ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ; ಗಾಜಿಗೆ ಶಾಯಿ ಮೆತ್ತುತ್ತದೆ. ಹಾಲಿನ ಗಾಡಿ ಒಂದು ಸದ್ದು ಮಾಡುತ್ತಾ ಹೋಗುತ್ತದೆ.

ಆಗ ಕುರ್ಚಿಯಲ್ಲಿರುವವರು ಮಾತಾಡುತ್ತಾರೆ. ಆರು ವರ್ಷದಲ್ಲಿ ಈ ಪರೀಕ್ಷೆಗೆ ಅವರು ಕೆಮ್ಮನ್ನು ಬಿಟ್ಟು ಬೇರೇನೂ ಕೊಟ್ಟವರಲ್ಲ. ಹೆಂಡತಿಯ ಕಡೆಗಾಗಲಿ ಅರ್ಥಮ್ಮನ ಕಡೆಗಾಗಲಿ ನೋಡದೆ, ಬೀದಿಗೆ ಹೇಳುವವರಂತೆ ಹೇಳುತ್ತಾರೆ: "ಅದು ಸುಮ್ನಿದೆ. ನಾವು ಸುಮ್ನಿರಬಾರ್ದು. ಅಷ್ಟೇ ತಾನೇ?"

ಪೇಪರಕ್ಕ ಗಂಡನನ್ನು ನೋಡುತ್ತಾರೆ. ಅರ್ಥಮ್ಮ ಬೆರಳು ಮಡಚಿ ಎಣಿಸುತ್ತಾರೆ. ಮತ್ತೊಮ್ಮೆ ಎಣಿಸುತ್ತಾರೆ. ಚೀಟಿಯನ್ನು ಮಂಡಿಯ ಮೇಲಿಟ್ಟು ಬರೆದುಕೊಳ್ಳುತ್ತಾರೆ. "ಪಾಸು," ಎನ್ನುತ್ತಾರೆ ಪೇಪರಕ್ಕ, ಮೂಗು ಒರೆಸಿಕೊಳ್ಳುತ್ತಾ. "ನಮ್ಮನೆಯವ್ರು ಸ್ನಾನಕ್ಕೆ ಮಾತ್ರ ಸೋಮಾರಿ, ನೋಡು."

ಕಚೇರಿಯಲ್ಲಿ ಮುಖ್ಯಸ್ಥರು ಆ ಸಾಲನ್ನು ಓದಿ ಹುಬ್ಬೇರಿಸಿದರು. ‘ರೋಗ ಸುಮ್ಮನಿದೆ, ನಾವು ಸುಮ್ಮನಿರಬಾರದು.’ ಇದು ಅರ್ಥದ ಹಾಗಿಲ್ಲ, ಬುದ್ಧಿಮಾತಿನ ಹಾಗಿದೆ ಎಂದರು. ಅರ್ಥದಲ್ಲಿ ‘ನಾವು’ ಎಲ್ಲಿಂದ ಬಂತು ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವೇ. ಯಾವ ನಿಘಂಟಿನಲ್ಲೂ ‘ನಾವು’ ಇರುವುದಿಲ್ಲ. ಅರ್ಥಮ್ಮ ವಾದ ಮಾಡುವವರಲ್ಲ. ಪೇಪರಕ್ಕ ಬೆಂಚಿನ ಮೇಲೆ ಕೂತಿದ್ದ ಆ ಮಧ್ಯಾಹ್ನದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಕಚೇರಿಯಲ್ಲಿ ಅದನ್ನು ಅವರು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಮುಖ್ಯಸ್ಥರು ಪೆನ್ನಿನ ತುದಿಯಿಂದ ಪದಗಳನ್ನು ಮುಟ್ಟುತ್ತಾ ಹೋದರು. "ನಾಲ್ಕೇ ಇದೆ ಮೇಡಂ. ಡಬ್ಬಿಗೆ ಹಿಡಿಸುತ್ತೆ," ಎಂದು ಪಕ್ಕದಲ್ಲಿ ಸಹಿ ಹಾಕಿದರು. ಮಿಕ್ಕ ಪದಗಳ ಅರ್ಥಗಳನ್ನೂ ಹೀಗೇ ನಾಲ್ಕರೊಳಗೆ ತಂದರೆ ಕೋಶ ಬೇಕಾಗುವುದಿಲ್ಲ ಎಂದೂ ಮೇಲಿನವರಿಗೆ ಬರೆದರು. ಮೇಲಿನವರ ಉತ್ತರ ಇನ್ನೂ ಬರಬೇಕು.

ಹಾಗಾಗಿ ಅರ್ಥಮ್ಮನ ಕೆಲಸ ಈಗ ಇಮ್ಮಡಿಯಾಗಿದೆ. ಎರಡು ಸಾಲಿನಲ್ಲಿ ಹೇಳುತ್ತಿದ್ದುದನ್ನು ನಾಲ್ಕು ಪದಕ್ಕೆ ಇಳಿಸಬೇಕು, ಬಾಲವೂ ಉಳಿಯಬೇಕು. ತಲೆ ಸಣ್ಣದಾದರೂ ಚಿಂತೆಯಿಲ್ಲ, ಬಾಲ ಇಟ್ಕೋ ಎಂಬುದು ಪೇಪರಕ್ಕನ ಆಜ್ಞೆ. ‘ಟೆಂಟೇಟಿವ್’ ಮೂರು ದಿನ ಬೆಳಗ್ಗೆ ಫೇಲಾಗಿ ಕೂತಿದೆ.

ರೆಮಿಷನ್ ಚೌಕದ ಉತ್ತರ ಅಚ್ಚಾಗಿ ಬಂದ ದಿನ ಮೆಟ್ಟಿಲ ಮೇಲೆ ವಿಶೇಷವೇನೂ ನಡೆಯುವುದಿಲ್ಲ. ಕಟ್ಟು ಬಿಚ್ಚಿದ ಕೂಡಲೆ ಪೇಪರಕ್ಕ ಕೊನೆಯ ಪುಟ ತಿರುಗಿಸಿ, ಸಾಲನ್ನು ಗಟ್ಟಿಯಾಗಿ ಓದುತ್ತಾರೆ. ಕುರ್ಚಿಯಲ್ಲಿರುವವರು ಹೂಂ ಎನ್ನುತ್ತಾರೆ. ಸ್ವಲ್ಪ ತಡೆದು, ನಾಳೆ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೊರಡೋದು ಎಂದು ಕೇಳುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಎಂದು ಪೇಪರಕ್ಕ ಉತ್ತರ ಕೊಟ್ಟು, ಪುರವಣಿ ತುರುಕಲು ಕೂರುತ್ತಾರೆ.

ಇಷ್ಟು ವರ್ಷ ಬರೆದಿದ್ದೀರಿ, ಅರ್ಥಗಳ ಕೆಳಗೆ ಹೆಸರು ಬರಲಿ ಎಂಬ ಆಸೆ ಇಲ್ಲವೇ ಎಂದು ಕೇಳಿದರೆ ಅರ್ಥಮ್ಮ ಶಾಯಿಯ ಬೆರಳುಗಳನ್ನು ಚಿಂದಿ ಬಟ್ಟೆಗೆ ಒರೆಸಿಕೊಳ್ಳುತ್ತಾ ಕುರ್ಚಿಯ ಕಡೆ ನೋಡುತ್ತಾರೆ.

"ಹೆಸರು ಹಾಕೋದಾದ್ರೆ ಅವರದ್ದು ಹಾಕ್ಬೇಕು. ನಾಲ್ಕರಲ್ಲಿ ಮೂರು ಪದ ಅವರದ್ದೇ. ಅವರು ‘ಅದು’ ಅಂದಿದ್ದನ್ನ ‘ರೋಗ’ ಅಂತ ಮಾಡಿದ್ದಷ್ಟೇ ನಾನು," ಎನ್ನುತ್ತಾರೆ. ಮತ್ತೆ ಕಟ್ಟಿಗೆ ಕೈ ಹಾಕುತ್ತಾ, ತನಗೇ ಹೇಳಿಕೊಳ್ಳುವವರಂತೆ ಸೇರಿಸುತ್ತಾರೆ: "ಆದ್ರೆ ‘ರೋಗ’ ಅನ್ನೋ ಆ ಒಂದು ಪದ ಈ ಸಲ ಸರಿಯಾದ ಜಾಗದಲ್ಲಿ ಕೂತಿದೆ. ಕೂರಿಸೋಕೆ ನನಗೆ ಆರು ವರ್ಷ ಹಿಡೀತು."